ಕಾಲುವೆ ಸೇತುವೆಯ ಹೆಸರಿನ ತಕರಾರು

ನಮ್ಮ ಭೂಗೋಳ ಸಂಘದ ನಿಯಮಾವಳಿ ಬಹಳ ಸರಳ. ಒಂದು ಜಾಗದಲ್ಲಿ ಮೊದಲು ಯಾರು ಅತ್ತರೋ ಆ ಜಾಗಕ್ಕೆ ಅವರ ಹೆಸರು. ಅತ್ತದ್ದನ್ನು ಇಬ್ಬರು ನೋಡಿರಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು, ಕಣ್ಣೀರಿನ ಒಂದು ಹನಿಯಾದರೂ ನೆಲ ಮುಟ್ಟಿರಬೇಕು. ಸೆರಗಿನಲ್ಲಿ ಒರೆಸಿಕೊಂಡದ್ದು ಲೆಕ್ಕಕ್ಕಿಲ್ಲ. ಏಳು ವರ್ಷದೊಳಗಿನವರು ಅತ್ತದ್ದೂ ಲೆಕ್ಕಕ್ಕಿಲ್ಲ, ಇಲ್ಲದಿದ್ದರೆ ಇಡೀ ಊರಿಗೆ ಮಕ್ಕಳ ಹೆಸರೇ ಇಡಬೇಕಾಗುತ್ತಿತ್ತು. ಈರುಳ್ಳಿ, ಒಲೆಯ ಹೊಗೆ, ಕಣ್ಣುಬೇನೆ, ಇವು ಯಾವುವೂ ನಡೆಯುವುದಿಲ್ಲ. ಇಷ್ಟನ್ನು ತಿಳಿದುಕೊಂಡು ತಕರಾರಿಲ್ಲದೆ ಬದುಕುವುದು ಜನರಿಗೆ ಯಾಕೆ ಕಷ್ಟವೋ, ಇಪ್ಪತ್ತಾರು ವರ್ಷ ಕಾರ್ಯದರ್ಶಿಯಾಗಿದ್ದ ನನಗೆ ಕೊನೆಗೂ ತಿಳಿಯಲಿಲ್ಲ.

ಸಂಘ ಇರುವುದು ಹಿಟ್ಟಿನ ಗಿರಣಿಯ ಮಹಡಿಯ ಮೇಲೆ. ಗೋಡೆಯ ಉದ್ದಕ್ಕೂ ಬಟ್ಟೆಯ ಮೇಲೆ ಬರೆದ ಊರಿನ ನಕ್ಷೆ ತೂಗುಹಾಕಿದೆ. ಕೆಳಗೆ ಗಿರಣಿ ಓಡುತ್ತಿದ್ದಷ್ಟು ಹೊತ್ತೂ ಮೇಲೆ ನಕ್ಷೆ ನಡುಗುತ್ತಿರುತ್ತದೆ, ಅದರ ಮೇಲೆ ರಾಗಿಹಿಟ್ಟು ಕೂರುತ್ತಿರುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಊರಿನ ಮೇಲಿನ ಹಿಟ್ಟು ಝಾಡಿಸುವುದು ನನ್ನ ಮೊದಲ ಕೆಲಸವಾಗಿತ್ತು. ಆಮೇಲೆ ಅರ್ಜಿಗಳು. ಭಾನುವಾರವೂ ರಜೆ ಇಲ್ಲ, ಯಾಕೆಂದರೆ ಜನ ಭಾನುವಾರ ಇನ್ನೂ ಹೆಚ್ಚು ಅಳುತ್ತಾರೆ.

ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಅಭ್ಯಾಸವಾಗಿದೆ. ಬಸ್ಸಿನ ಕಂಡಕ್ಟರು ಬಾಗಿಲಿನಲ್ಲಿ ನಿಂತು, "ಬೋರಮ್ಮ ಅತ್ತಿದ್ದು, ಬೋರಮ್ಮ ಅತ್ತಿದ್ದು ಯಾರ್ರೀ ಇಳಿಯೋರು" ಎಂದು ಕೂಗಿದರೆ ಜನ ಚೀಲ ಎತ್ತಿಕೊಂಡು ಇಳಿಯುತ್ತಾರೆ. ಮದುವೆಯಾದ ಹುಡುಗಿಯನ್ನು ಗಂಡನ ಮನೆಗೆ ಕಳಿಸುವಾಗ ಮೊದಲು ಈಗಾಗಲೇ ಹೆಸರಿರುವ ಬಾವಿಕಟ್ಟೆಗೆ ಕರೆದೊಯ್ದು, ಅಲ್ಲಿ ಅಳುವಷ್ಟು ಅತ್ತುಬಿಡು ಎಂದು ಹೇಳುತ್ತಾರೆ. ಗಟ್ಟಿಗರು ಜೇಬಿನಲ್ಲಿ ಎರಡು ಕರವಸ್ತ್ರ ಇಟ್ಟುಕೊಂಡು ಓಡಾಡುತ್ತಾರೆ. ಹೆಸರಿಗಾಗಿ ಹಂಬಲಿಸುವವರು ಖಾಲಿ ಜಾಗ ಹುಡುಕಿಕೊಂಡು ಹೋಗಿ, ಸತ್ತ ನೆಂಟರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಳ್ಳುತ್ತಾ ಬಿಸಿಲಿನಲ್ಲಿ ನಿಂತಿರುತ್ತಾರೆ. ಇನ್ನೂ ಯಾರೂ ಅಳದ ಜಾಗಗಳು ನಕ್ಷೆಯಲ್ಲಿ ಖಾಲಿ. ಅವುಗಳ ಬಗ್ಗೆ ಮಾತಾಡಬೇಕಾದರೆ ಗದ್ದ ಎತ್ತಿ ಆ ಕಡೆ ತೋರಿಸುತ್ತೇವೆ.

ನಿಯಮಗಳಲ್ಲೆಲ್ಲ ನನಗೆ ಬಹಳ ಇಷ್ಟವಾಗಿದ್ದದ್ದು ಒಂಬತ್ತನೆಯದು. ಅತ್ತವರನ್ನು ಯಾಕೆ ಅತ್ತಿರಿ ಎಂದು ಸಂಘದ ಪದಾಧಿಕಾರಿಗಳು ಕೇಳಕೂಡದು. ಸಂಘದೊಳಗೂ ಕೇಳಕೂಡದು, ಹೊರಗೂ ಕೇಳಕೂಡದು. ಎಂಥ ಘನತೆಯ ನಿಯಮ ನೋಡಿ. ಊರಿನವರಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ಅವರು ಕೇಳುತ್ತಾರೆ. ಹೆಸರು ನಕ್ಷೆ ಸೇರಿದ ಮಾರನೆಯ ದಿನದಿಂದ ಶುರುವಾದರೆ ಸಾಯುವವರೆಗೂ ಕೇಳುತ್ತಾರೆ. ತರಕಾರಿ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಶ್ರಾದ್ಧದ ಊಟದ ಪಂಕ್ತಿಯಲ್ಲಿ. ಬೋರಮ್ಮನವರು ತೊಂಬತ್ತರ ವಯಸ್ಸಿನಲ್ಲಿ ಪ್ರಾಣ ಬಿಡುವಾಗಲೂ ಪಕ್ಕದ ಮನೆಯವಳು ಕಿವಿಯ ಹತ್ತಿರ ಬಗ್ಗಿ ಅದನ್ನೇ ಕೇಳಿದಳಂತೆ.

ನನ್ನ ಹೆಂಡತಿ ವನಜಾಕ್ಷಿಯ ಹೆಸರು ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು, ಮನೆಯಲ್ಲಿ ನಾವಿಬ್ಬರೇ, ಒಂದು ದಿನವೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಇದನ್ನು ನಾನು ಸಂಘದಲ್ಲಿ ಆಗಾಗ ಹೇಳುತ್ತಿದ್ದೆ. ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಾನು ಕುಡಿಯುವವನಲ್ಲ, ಕೈ ಎತ್ತಿದವನಲ್ಲ, ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ದೂಡಿದವನಲ್ಲ. ಅಂಥ ಮನೆಯಲ್ಲಿ ಅಳುವುದಕ್ಕೆ ಏನಿರುತ್ತದೆ ಎಂದುಕೊಂಡಿದ್ದೆ.

ಹಳೆಯ ಇಟ್ಟಿಗೆ ಗೂಡಿನ ಹಿಂದೆ ಕಾಲುವೆ ದಾಟಲು ಒಂದು ಕಲ್ಲಿನ ಸೇತುವೆ ಇದೆ. ಹತ್ತು ಹೆಜ್ಜೆ ಹಾಕಿದರೆ ಮುಗಿಯುತ್ತದೆ. ಆ ಕಡೆ ಹೊಸ ಬಡಾವಣೆ ಎದ್ದ ಮೇಲೆ ಬಸ್ಸಿನವರು ಅಲ್ಲೊಂದು ನಿಲ್ದಾಣ ಮಾಡುತ್ತೇವೆಂದರು. ಬೋರ್ಡಿಗೆ ಹೆಸರು ಬೇಕೆಂದು ಸಂಘಕ್ಕೆ ಕಾಗದ ಬರೆದರು. ನಕ್ಷೆಯಲ್ಲಿ ನೋಡಿದರೆ ಸೇತುವೆ ಖಾಲಿ. ನಾನು ಪದ್ಧತಿಯಂತೆ ತಮಟೆ ಹೊಡೆಸಿ, ಅಲ್ಲಿ ಯಾರಾದರೂ ಅತ್ತದ್ದನ್ನು ಕಂಡವರು ಹದಿನೈದು ದಿನದೊಳಗೆ ಬಂದು ಹೇಳಬೇಕು ಎಂದು ಸಾರಿಸಿದೆ.

ಮೊದಲು ಬಂದವರು ಮರದ ಮಿಲ್ಲಿನ ಜಂಬಣ್ಣ. ಊರಿನ ಅರ್ಧ ಮನೆಗಳ ಬಾಗಿಲು, ಕಿಟಕಿ ಅವರ ಮಿಲ್ಲಿನಲ್ಲೇ ಕೊಯ್ದದ್ದು. ಆದರೆ ಮೂರು ತಲೆಮಾರಿನಿಂದ ಅವರ ಮನೆತನದ ಹೆಸರಿನಲ್ಲಿ ನಕ್ಷೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ಅದೊಂದು ಕೊರಗು ಅವರಿಗೆ.

"ನಮ್ಮ ತಂದೆಯೋರು ಅಲ್ಲಿ ಅತ್ತಿದ್ರು ಕಾರ್ಯದರ್ಶಿಗಳೇ, ಮೂವತ್ತು ವರ್ಷದ ಹಿಂದೆ" ಎಂದರು ಜಂಬಣ್ಣ. "ತೇಗದ ದಿಮ್ಮಿ ಗಾಡಿಯಿಂದ ಜಾರಿ ಕಾಲುವೆಗೆ ಬಿತ್ತಲ್ಲ, ಆವತ್ತು."

"ನಿಮ್ಮ ತಂದೆಯೋರು ತಾಯಿ ಸತ್ತಾಗ್ಲೂ ಅತ್ತಿರ್ಲಿಲ್ಲ ಅಂತಾರೆ" ಎಂದೆ.

"ತಾಯೀನ ತೇಗಕ್ಕೆ ಹೋಲಿಸ್ಬೇಡಿ. ಅದು ಒಳ್ಳೇ ಮರ" ಎಂದರು ಅವರು, ಮುಖದಲ್ಲಿ ಏನೂ ತೋರಿಸದೆ.

ಅವರ ಬಳಿ ಇಬ್ಬರು ಸಾಕ್ಷಿಗಳಿದ್ದರು. ಒಬ್ಬರು ಹತ್ತು ವರ್ಷದ ಹಿಂದೆ ತೀರಿಕೊಂಡಿದ್ದರು. ಉಳಿದದ್ದು ಒಬ್ಬರೇ. ನಿಯಮದ ಪ್ರಕಾರ ಒಂಟಿ ಸಾಕ್ಷಿಯ ಅಳುವನ್ನು, ಬೇರೆ ಯಾವ ಅಳುವೂ ಸಿಕ್ಕದಿದ್ದರೆ ಮಾತ್ರ ಒಪ್ಪಬಹುದು. ಹದಿನೈದು ದಿನ ಕಾಯೋಣ ಎಂದೆ. ಹದಿಮೂರು ದಿನ ಯಾರೂ ಬರಲಿಲ್ಲ. ಜಂಬಣ್ಣ ಬೋರ್ಡಿಗೆ ತಾವೇ ಹಲಗೆ ಕೊಡುವುದಾಗಿ ಬಸ್ಸಿನವರಿಗೆ ಹೇಳಿಯೂ ಬಿಟ್ಟರು.

ಹದಿನಾಲ್ಕನೆಯ ದಿನ ಮಧ್ಯಾಹ್ನ ಮಜ್ಜಿಗೆ ಮಾರುವ ದ್ಯಾವಮ್ಮನೂ ಪಂಕ್ಚರ್ ಅಂಗಡಿಯ ಇಮಾಮ್ ಸಾಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರು. ಇಬ್ಬರ ವ್ಯಾಪಾರವೂ ಇಟ್ಟಿಗೆ ಗೂಡಿನ ಮುಂದೆ. ದ್ಯಾವಮ್ಮ ಮಜ್ಜಿಗೆ ಗಡಿಗೆಯನ್ನು ಮೇಜಿನ ಮೇಲಿಟ್ಟು, ಬಂದ ವಿಷಯ ಹೇಳಿದಳು. ಮೂರು ವರ್ಷದ ಹಿಂದೆ, ಇಮಾಮ್ ಸಾಬರ ಗಾಳಿ ಹಾಕುವ ಮಿಷನ್ನು ಸಿಡಿದ ದಿನ, ಸಂಜೆ ನಾಲ್ಕು ಗಂಟೆ ಸುಮಾರಿಗೆ ಒಬ್ಬ ಹೆಂಗಸು ಸೇತುವೆಯ ಕಟ್ಟೆಯ ಮೇಲೆ ಕೂತು ಅತ್ತಳು. ಹನಿ ನೆಲಕ್ಕೆ ಬಿತ್ತು, ಒಂದಲ್ಲ, ಬೇಕಾದಷ್ಟು.

ನಾನು ಎಲ್ಲವನ್ನೂ ಬರೆದುಕೊಂಡೆ. ಮಿಷನ್ನು ಸಿಡಿದ ದಿನಾಂಕ ಇಮಾಮ್ ಸಾಬರಿಗೆ ಬಾಯಿಪಾಠವಿತ್ತು, ಯಾಕೆಂದರೆ ಅವರ ಬಲಗಿವಿ ಆವತ್ತಿನಿಂದ ಮಂದ. ಅಳುವಿನ ವಿವರ ಕೇಳಿದೆ, ಬಿಕ್ಕಿ ಅತ್ತದ್ದೋ ಸುಮ್ಮನೆ ಅತ್ತದ್ದೋ ಎಂದು. ಸುಮ್ಮನೆ, ಅರ್ಧ ಗಂಟೆ, ಎಂದರು ಇಬ್ಬರೂ. ಕೊನೆಗೆ ಹೆಂಗಸಿನ ಹೆಸರು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೀನೇ ಹೇಳಮ್ಮ" ಎಂದರು ಇಮಾಮ್ ಸಾಬರು.

"ನಿಮ್ಮನೇವ್ರೇ ಕಣಣ್ಣ" ಎಂದಳು ದ್ಯಾವಮ್ಮ.

ನನ್ನ ಪುಸ್ತಕದಲ್ಲಿ ಆ ಸಾಲಿನಲ್ಲಿ ಇವತ್ತಿಗೂ ಒಂದು ದೊಡ್ಡ ಮಸಿಯ ಕಲೆಯಿದೆ. ಅದರ ಮುಂದೆ ನಾನು ದುಂಡಾದ ಅಕ್ಷರಗಳಲ್ಲಿ ಶ್ರೀಮತಿ ವನಜಾಕ್ಷಿ, ಗಂಡ ಸಿದ್ಧವೀರಯ್ಯ ಎಂದು ಬರೆದು ಇಬ್ಬರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡೆ. ದ್ಯಾವಮ್ಮ ಹೋಗುವಾಗ ಒಂದು ಲೋಟ ಮಜ್ಜಿಗೆ ಸುರಿದು ನನ್ನ ಮುಂದಿಟ್ಟು ಹೋದಳು. ನಾನು ಅದನ್ನು ಕುಡಿಯಲಿಲ್ಲ. ಅವರು ಹೋದ ಮೇಲೆ ಆ ದಿನದ ನಡಾವಳಿ ಪುಸ್ತಕ ತೆಗೆದು ನೋಡಿದೆ. ಆವತ್ತು ಮೂರರಿಂದ ಏಳೂಕಾಲಿನವರೆಗೆ ಸಭೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂದರೆ ಅದನ್ನು ಅಳು ಎಂದು ಪರಿಗಣಿಸಬೇಕೇ ಎಂಬುದು ವಿಷಯ. ನಾನು ಪರಿಗಣಿಸಬಾರದು ಎಂದು ಒಂದು ಗಂಟೆ ಮಾತಾಡಿದ್ದೆ, ನನ್ನ ವಾದ ಗೆದ್ದಿತ್ತು.

ಸಂಬಂಧಪಟ್ಟವರಿಗೆ ಸೂಚನಾಪತ್ರ ತಲುಪಿಸುವುದು ಕಾರ್ಯದರ್ಶಿಯ ಕೆಲಸ. ಸಂಜೆ ಮನೆಗೆ ಹೋಗಿ, ಕೈಕಾಲು ತೊಳೆದು, ವನಜಾಕ್ಷಿಯ ಮುಂದೆ ಸೂಚನಾಪತ್ರ ಹಿಡಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

"ಮುದ್ರೆ ಎಲ್ಲಾ ಹಾಕಿದೀರ" ಎಂದಳು.

"ಹಾಕ್ಲೇಬೇಕು. ಇಲ್ಲಿ ಸಹಿ ಮಾಡು."

ಸಹಿ ಮಾಡಿದಳು. ಒಳ್ಳೆಯ ಅಕ್ಷರ. ಅವಳ ಸಹಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು.

"ರೀ, ಒಂದು ಮಾತು" ಎಂದಳು. "ಇಷ್ಟು ವರ್ಷ ನಿಮ್ಮ ಸಂಘದ ಹತ್ರ ನಾನು ಏನೂ ಕೇಳಿಲ್ಲ. ಆ ಜಂಬಣ್ಣೋರ ತಂದೆ ಹೆಸರೇ ಇಟ್ಬಿಡಿ. ನಾನು ಅತ್ತಿಲ್ಲ ಅಂತ ಬರ್ಕೊಳ್ಳಿ."

"ಅತ್ತಿಲ್ವಾ?"

"ಬರ್ಕೊಳ್ಳಿ ಅಂದೆ."

"ಇಬ್ರು ಸಾಕ್ಷಿ ಇದಾರಲ್ಲ."

"ನನ್ನ ಹೆಸರು ಆ ಬೋರ್ಡಲ್ಲಿ ಬಂದ್ರೆ ನಾಳೆಯಿಂದ ಊರೋರೆಲ್ಲ ಯಾಕೆ ಅಂತ ಕೇಳ್ತಾರೆ. ನಾನು ಅವ್ರಿಗೆಲ್ಲ ಹೇಳೋಕಾಗಲ್ಲ." ಇಷ್ಟು ಹೇಳಿ ಮೊರ ಎತ್ತಿಕೊಂಡಳು. ನುಚ್ಚು ಒಂದು ಕಡೆ, ಕಲ್ಲು ಒಂದು ಕಡೆ ಬೀಳತೊಡಗಿತು.

ಯಾಕೆ ಎಂದು ಕೇಳಲು ನನಗೂ ಬಾಯಿ ತುರಿಸುತ್ತಿತ್ತು. ಆದರೆ ಒಂಬತ್ತನೆಯ ನಿಯಮ. ಹೆಂಡತಿಗೆ ವಿನಾಯಿತಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ನಾನು ಊಟ ಮಾಡುತ್ತಾ ನನ್ನ ತಪ್ಪುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಅವಳ ತಮ್ಮನ ಗೃಹಪ್ರವೇಶಕ್ಕೆ ಹೋಗದೆ ಇದ್ದದ್ದು ನೆನಪಾಯಿತು, ಆದರೆ ಅದು ಐದು ವರ್ಷದ ಹಿಂದಿನದು. ಅವಳಿಗೆ ಬಂದ ಜ್ವರ ಎರಡು ದಿನ ನನಗೆ ಗೊತ್ತೇ ಆಗದಿದ್ದದ್ದು ನೆನಪಾಯಿತು, ಅದು ಹೋದ ವರ್ಷದ್ದು. ಅರ್ಧ ಗಂಟೆ ಅಳುವಂಥದ್ದು ಯಾವುದೂ ಸಿಕ್ಕಲಿಲ್ಲ. ಬೇರೆಯವರ ಕಣ್ಣೀರಿಗೆ ಇಪ್ಪತ್ತಾರು ವರ್ಷ ದಿನಾಂಕ ಹಾಕಿದವನಿಗೆ ತನ್ನ ಮನೆಯ ಒಂದು ಸಂಜೆ ಸಿಗುತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು.

ವಿಚಾರಣೆಯ ದಿನ ಮಹಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಣಿಯವನು ಕೂಡ ಯಂತ್ರದ ಬೆಲ್ಟು ಕಳಚಿ ಮೇಲೆ ಬಂದಿದ್ದ. ಕಾರ್ಯದರ್ಶಿಯ ಹೆಂಡತಿ ಅತ್ತಳಂತೆ ಎಂದರೆ ಯಾರಿಗೆ ಆಸಕ್ತಿ ಇರುವುದಿಲ್ಲ. ಅಧ್ಯಕ್ಷರಾದ ಪುಟ್ಟಾಚಾರ್ರು ಕುರ್ಚಿಯಲ್ಲಿ ಕುಳಿತಿದ್ದರು. ಅವರು ನಿವೃತ್ತ ಡ್ರಾಯಿಂಗ್ ಮಾಸ್ತರು, ನಕ್ಷೆ ಬರೆದವರೂ ಅವರೇ. ಯಾರ ಮನಸ್ಸನ್ನೂ ನೋಯಿಸದ ಮನುಷ್ಯ, ಅದಕ್ಕೇ ಯಾವ ತಕರಾರೂ ಅವರ ಕೈಯಲ್ಲಿ ಬೇಗ ಮುಗಿಯುತ್ತಿರಲಿಲ್ಲ.

ದ್ಯಾವಮ್ಮ, ಇಮಾಮ್ ಸಾಬರು ಮೊದಲು ಹೇಳಿದ್ದನ್ನೇ ಹೇಳಿದರು. ಜಂಬಣ್ಣ ಎದ್ದು ತೇಗದ ದಿಮ್ಮಿಯ ಕಥೆ ಹೇಳಿ, ಉದ್ದ ಅಗಲಗಳನ್ನೂ ತಿಳಿಸಿದರು. ಆಮೇಲೆ ಪುಟ್ಟಾಚಾರ್ರು ವನಜಾಕ್ಷಿಯ ಕಡೆ ತಿರುಗಿ, "ನೀವು ಅಲ್ಲಿ ಅತ್ತಿದ್ದು ನಿಜವೇನಮ್ಮ?" ಎಂದು ಕೇಳಿದರು.

"ಇಲ್ಲ ಮಾಸ್ತರೇ" ಎಂದಳು.

"ಅಯ್ಯೋ ನಮ್ಮವ್ವ, ನನ್ನ ಗಡಿಗೇಲೇ ನೀರು ಇಸ್ಕೊಂಡು ಮುಖ ತೊಳ್ಕಂಡ್ಯಲ್ಲ" ಎಂದಳು ದ್ಯಾವಮ್ಮ. ಬೈಯುವ ದನಿಯಲ್ಲಲ್ಲ, ನೆನಪಿಸುವ ದನಿಯಲ್ಲಿ.

ವನಜಾಕ್ಷಿ ನೆಲ ನೋಡಿದಳು. ಪುಟ್ಟಾಚಾರ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅತ್ತವರೇ ತಾವು ಅತ್ತಿಲ್ಲ ಎಂದರೂ ಇಬ್ಬರು ಸಾಕ್ಷಿಗಳ ಮಾತು ಬೀಳುವುದಿಲ್ಲ. ಅದನ್ನು ಬೀಳಿಸಲು ಇರುವ ದಾರಿ ಒಂದೇ. ಆ ಹೊತ್ತಿನಲ್ಲಿ ಅವರು ಮನೆಯಲ್ಲೇ ಇದ್ದರು ಎಂದು ಮನೆಯವರೊಬ್ಬರು ಹೇಳಬೇಕು. ಈ ನಿಯಮವನ್ನು ಅವರು ಎಲ್ಲರಿಗೂ ಕೇಳುವಂತೆ ಓದಿ, ನನ್ನ ಕಡೆ ನೋಡಿದರು.

"ಕಾರ್ಯದರ್ಶಿಗಳೇ, ಆ ದಿನ ಸಂಜೆ ನಾಲ್ಕು ಗಂಟೆಗೆ ನಿಮ್ಮ ಮನೆಯವರು ಎಲ್ಲಿದ್ದರು?"

ನಾನು ನಡಾವಳಿ ಬರೆಯುತ್ತಾ ಕೂತಿದ್ದೆ. ಪ್ರಶ್ನೆಯನ್ನೂ ಬರೆದುಕೊಂಡೆ. ಇಪ್ಪತ್ತಾರು ವರ್ಷದಲ್ಲಿ ನಾನು ಒಂದು ಹನಿಯನ್ನೂ ಹೆಚ್ಚು ಬರೆದವನಲ್ಲ, ಕಡಿಮೆ ಬರೆದವನಲ್ಲ. ಸ್ವಂತ ಸೋದರಮಾವನ ಅರ್ಜಿಯನ್ನು, ಹನಿ ಚಪ್ಪಲಿಯ ಮೇಲೆ ಬಿದ್ದಿದೆ, ನೆಲದ ಮೇಲಲ್ಲ ಎಂದು ತಳ್ಳಿಹಾಕಿದವನು. ಆವತ್ತಿನಿಂದ ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ವನಜಾಕ್ಷಿ ತಲೆ ಎತ್ತಿರಲಿಲ್ಲ. ಅವಳ ಬೈತಲೆಯ ಹತ್ತಿರ ಒಂದಷ್ಟು ಕೂದಲು ಬೆಳ್ಳಗಾಗಿತ್ತು.

"ಮನೇಲಿದ್ಲು" ಎಂದೆ. "ನಾನೂ ಇದ್ದೆ. ಇಬ್ರೂ ಕಾಫಿ ಕುಡೀತಿದ್ವಿ."

ಕಾಫಿಯನ್ನು ಸೇರಿಸುವ ಅಗತ್ಯವಿರಲಿಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಇಂಥ ತಪ್ಪು ಮಾಡುತ್ತಾರೆ. ವನಜಾಕ್ಷಿ ಗಕ್ಕನೆ ತಲೆ ಎತ್ತಿ ನನ್ನನ್ನು ನೋಡಿದಳು. ಜಂಬಣ್ಣ ಕೈಕೈ ಉಜ್ಜಿಕೊಂಡರು.

"ಈಯಪ್ಪ ಯಾವತ್ತು ಸಾಮಿ ನಾಕು ಗಂಟೆಗೆ ಮನೇಲಿದ್ದ?" ಎಂದಳು ದ್ಯಾವಮ್ಮ.

ಜನ ನಕ್ಕರು. ಪುಟ್ಟಾಚಾರ್ರು ನಗಲಿಲ್ಲ. ನನಗೆ ಅನುಕೂಲವಾಗಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವರು, "ಅನುಮಾನ ಯಾಕೆ, ಹಾಜರಿ ಪುಸ್ತಕ ನೋಡಿಬಿಡೋಣ" ಎಂದರು. ಪುಸ್ತಕ ಮೇಜಿನ ಮೇಲೇ ಇತ್ತು. ಆ ದಿನದ ಹಾಳೆ ತೆಗೆದರು. ಬೆಳಿಗ್ಗೆ ಹತ್ತಕ್ಕೆ ನನ್ನ ಸಹಿ, ಸಂಜೆ ಏಳೂಕಾಲಿಗೆ ನನ್ನ ಸಹಿ.

"ದಿನಾಂಕ ಒಂದು ಹೆಚ್ಚುಕಡಿಮೆ ಆಗಿರಬಹುದು" ಎಂದು ಅವರೇ ಹೇಳಿ ಹಿಂದಿನ ದಿನ ನೋಡಿದರು. ಸಹಿಯಿತ್ತು. ಮುಂದಿನ ದಿನ ನೋಡಿದರು. ಆ ವಾರ ನೋಡಿದರು. ಆ ತಿಂಗಳು. ಅವರಿಗೆ ಏನನ್ನಿಸಿತೋ, ಕಪಾಟಿನಿಂದ ಹಳೆಯ ಪುಸ್ತಕಗಳನ್ನೂ ಇಳಿಸಿದರು. ಒಂದೇ ಒಂದು ದಿನ ನಾಲ್ಕು ಗಂಟೆಗೆ ನಾನು ಮನೆಯಲ್ಲಿದ್ದೆ ಎಂದು ತೋರಿಸಲು ಆ ಮುದುಕರು ಪಟ್ಟ ಪಾಡು ನನ್ನಿಂದ ನೋಡಲಾಗಲಿಲ್ಲ. ಕೊನೆಗೆ ಒಂದು ಹಾಳೆಯ ಮೇಲೆ ಬೆರಳಿಟ್ಟು ನಿಂತರು.

"ಸಿದ್ಧವೀರಯ್ಯ" ಎಂದರು ಮೆಲ್ಲಗೆ. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ಬಹಳ ಅಪರೂಪ. "ನಿಮ್ಮ ಮದುವೆ ದಿನವೂ ಸಹಿ ಇದೆಯಲ್ಲಯ್ಯ."

"ಧಾರೆ ಮುಗ್ದಿತ್ತು. ಊಟದ ಹೊತ್ತಲ್ಲಿ ಒಂದು ಗಳಿಗೆ ಬಂದಿದ್ದೆ" ಎಂದೆ. "ಗೌಡರ ಕೆರೆಕೋಡಿ ಅರ್ಜಿ ಇತ್ತು."

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸುಳ್ಳು ಹೇಳಿದ ಪದಾಧಿಕಾರಿಗೆ ಏನು ಮಾಡಬೇಕು ಎಂದು ನಿಯಮಾವಳಿಯಲ್ಲಿ ಇರಲಿಲ್ಲ, ಯಾಕೆಂದರೆ ಅದನ್ನು ಬರೆಯುವಾಗ ಅದರ ಅಗತ್ಯವಿಲ್ಲ ಎಂದು ವಾದಿಸಿದ್ದವನು ನಾನೇ. ಪುಟ್ಟಾಚಾರ್ರು ಪುಸ್ತಕದ ಕೊನೆಯ ಪುಟಗಳನ್ನು ಸುಮ್ಮನೆ ಹುಡುಕುತ್ತಿದ್ದರು. ಜಂಬಣ್ಣ ಎದ್ದು, ಇದು ಸಂಘದ ಮರ್ಯಾದೆಯ ಪ್ರಶ್ನೆ ಎಂದು ಶುರು ಮಾಡಿದರು.

"ಸಾಕು ಬಿಡಿ ಮಾಸ್ತರೇ" ಎಂದಳು ವನಜಾಕ್ಷಿ. ಎದ್ದು ನಿಂತಿದ್ದಳು. "ಅವ್ರನ್ನ ಹಿಂಗೆ ನಿಲ್ಲಿಸ್ಬೇಡಿ. ನಾನೇ ಅತ್ತಿದ್ದು. ಬರ್ಕೊಳ್ಳಿ."

ಬರೆದುಕೊಳ್ಳಬೇಕಾದವನು ನಾನು. ಬರೆದುಕೊಂಡೆ. ಅವಳು ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದಳು. ಜನರೂ ಒಬ್ಬೊಬ್ಬರಾಗಿ ಇಳಿದರು. ಜಂಬಣ್ಣ ಹೋಗುವಾಗ, "ಹಲಗೆ ನಾನೇ ಕೊಡ್ತೀನಿ, ಹೆಂಗೂ ಕೊಯ್ದಾಗಿದೆ" ಎಂದು ಹೇಳಿ ಹೋದರು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ನಕ್ಷೆಯ ಮೇಲೆ ಹೆಸರು ಬರೆಯುವುದೂ ಕಾರ್ಯದರ್ಶಿಯ ಕೆಲಸ. ಏಣಿ ಹತ್ತಿ, ಕಪ್ಪು ಬಣ್ಣದಲ್ಲಿ ಬ್ರಷ್ಷದ್ದಿ, ಕಾಲುವೆಯ ನೀಲಿ ಗೆರೆಯ ಮೇಲೆ ವನಜಾಕ್ಷಿ ಅತ್ತ ಸೇತುವೆ ಎಂದು ಬರೆದೆ. ಕೆಳಗೆ ಗಿರಣಿ ಮತ್ತೆ ಶುರುವಾಗಿದ್ದರಿಂದ ಬಟ್ಟೆ ನಡುಗುತ್ತಿತ್ತು. ಆದರೂ ಅಕ್ಷರ ಸೊಟ್ಟಗಾಗಲಿಲ್ಲ. ಬರೆದು ಮುಗಿಸಿ ಏಣಿಯ ಮೇಲೇ ನಿಂತು ನೋಡಿದೆ. ನಾಳೆ ಬೆಳಗಾದರೆ ತರಕಾರಿಯವಳು ಕೇಳುತ್ತಾಳೆ, ಹಾಲಿನವನು ಕೇಳುತ್ತಾನೆ, ಕಂಡಕ್ಟರು ಕೇಳುತ್ತಾನೆ. ಪುಟ್ಟಾಚಾರ್ರನ್ನು ಬಿಟ್ಟರೆ ಈ ಊರಿನಲ್ಲಿ ಅವಳನ್ನು ಕೇಳಬಾರದವನು ನಾನೊಬ್ಬನೇ.

ಇಳಿದು ಬಂದು ಒಂದು ಹಾಳೆ ತೆಗೆದುಕೊಂಡೆ. ಕಾರ್ಯದರ್ಶಿ ಸ್ಥಾನಕ್ಕೆ ಈ ಕ್ಷಣದಿಂದ ರಾಜೀನಾಮೆ ಕೊಟ್ಟಿದ್ದೇನೆ, ಕಾರಣ ಸ್ವಂತದ್ದು, ಎಂದು ಬರೆದು ಪುಟ್ಟಾಚಾರ್ರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಇವತ್ತಿನ ಸುಳ್ಳಿಗಾದರೆ ಬೇಡ" ಎಂದರು. "ನಾನು ಅದನ್ನು ನಡಾವಳಿಗೆ ಸೇರಿಸುವುದಿಲ್ಲ."

"ಅದಕ್ಕಲ್ಲ ಮಾಸ್ತರೇ. ಮನೇಲಿ ಒಂದು ಮಾತು ಕೇಳ್ಬೇಕು. ಹುದ್ದೆಯಲ್ಲಿದ್ಕೊಂಡು ಕೇಳೋ ಹಾಗಿಲ್ಲ."

ಅವರು ಹಾಳೆಯ ಕೆಳಗೆ ಅಂಗೀಕರಿಸಲಾಗಿದೆ ಎಂದು ಬರೆದು ರುಜು ಹಾಕಿದರು. ಗೋಡೆಯ ಗಡಿಯಾರದಲ್ಲಿ ಆಗ ಮೂರೂವರೆ. ಹಾಜರಿ ಪುಸ್ತಕದಲ್ಲಿ ಹೊರಡುವ ಹೊತ್ತು ಬರೆಯುವಾಗ ನನ್ನ ಕೈಗೆ ಅದು ಹೊಸ ಅಂಕಿ ಅನ್ನಿಸಿತು.

ಮನೆಗೆ ಹೋದಾಗ ವನಜಾಕ್ಷಿ ಹಿತ್ತಿಲಿನ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಆ ಹೊತ್ತಿನಲ್ಲಿ ನಮ್ಮ ಹಿತ್ತಿಲಿಗೆ ಅಷ್ಟು ಬಿಸಿಲು ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ. ಅವಳು ಗಾಬರಿಯಾದಳು.

"ಏನಾಯ್ತು, ಇಷ್ಟೊತ್ತಿಗೇ ಬಂದ್ರಿ?"

"ಕೆಲಸ ಬಿಟ್ಟೆ. ಆವತ್ತು ಯಾಕೆ ಅತ್ತೆ ನೀನು?"

ಇಪ್ಪತ್ತೆರಡು ವರ್ಷದಲ್ಲಿ ನಾನು ಅವಳನ್ನು ಕೇಳಿದ ಪ್ರಶ್ನೆಗಳೆಲ್ಲ ಊಟ ಆಯಿತಾ, ಕೊಡೆ ಎಲ್ಲಿ, ಯಾರು ಬಂದಿದ್ದರು ಎಂಬಂಥವು.

"ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಿದ್ದೆ" ಎಂದಳು. "ಆವತ್ತು ರಿಸಲ್ಟ್ ಬಂತು. ಪಾಸಾಗಿದ್ದೆ."

ನಾನು ಅವಳ ಮುಖವನ್ನೇ ನೋಡಿದೆ.

"ಯಾವಾಗ ಓದಿದೆ?"

"ಎರಡು ವರ್ಷ ಓದಿದೆ. ಮೂಲೆಮನೆ ಟೀಚರಮ್ಮ ಹೇಳ್ಕೊಡ್ತಿದ್ರು. ಮುಚ್ಚಿಟ್ಟೇನೂ ಓದಿಲ್ಲ. ಪುಸ್ತಕ ಎಲ್ಲಾ ಅಕ್ಕಿ ಡಬ್ಬದ ಮೇಲೇ ಇರ್ತಿದ್ವು. ನೀವು ನಕ್ಷೆ ಸುರುಳಿ ಇಡೋಕೆ ಜಾಗ ಇಲ್ಲ ಅಂತ ಎಷ್ಟೋ ಸಲ ಪಕ್ಕಕ್ಕೆ ತಳ್ಳಿದೀರ."

ತಳ್ಳಿದ್ದು ನೆನಪಿತ್ತು. ಪುಸ್ತಕ ಯಾವುದೆಂದು ನೋಡಿದ್ದು ನೆನಪಿರಲಿಲ್ಲ.

"ಪಾಸಾದ್ರೆ ಅಳ್ತಾರಾ?"

"ಪಾಸಾಗಿದ್ದಕ್ಕಲ್ಲ" ಎಂದಳು. "ಮೊದ್ಲು ನಿಮ್ಗೇ ಹೇಳ್ಬೇಕು ಅಂತ ಗಿರಣಿ ಮೆಟ್ಟಿಲು ಹತ್ತಿ ಬಂದೆ. ಬಾಗಿಲಲ್ಲಿ ನಿಂತೆ. ಒಳಗೆ ಮಾತು ಜೋರಾಗಿ ನಡೀತಿತ್ತು. ನೀವು ನನ್ನ ನೋಡಿದ್ರಿ. ಕೈ ಎತ್ತಿ, ಆಮೇಲೆ ಅಂತ ಸನ್ನೆ ಮಾಡಿದ್ರಿ. ಸರಿ ಅಂತ ಇಳಿದು ಹೋದೆ. ಎಲ್ಲಿಗೆ ಹೋಗೋದು ಗೊತ್ತಾಗ್ಲಿಲ್ಲ, ನಡ್ಕೊಂಡು ಹೋದೆ. ಸೇತುವೆ ಹತ್ರ ಕೂತೆ."

"ಸಂಜೆ ಮನೇಲಾದ್ರೂ ಹೇಳ್ಬಹುದಿತ್ತಲ್ಲ."

"ಪಾಯಸ ಮಾಡಿದ್ದೆ. ಏನು ವಿಶೇಷ ಅಂತ ಕೇಳ್ತೀರ, ಆಗ ಹೇಳೋಣ ಅಂತಿದ್ದೆ. ನೀವು ಎರಡು ಸಲ ಬಡಿಸ್ಕೊಂಡ್ರಿ. ನಿಮ್ಮ ವಾದ ಗೆದ್ದಿದ್ದು ಹೇಳ್ತಾ ಇದ್ರಿ." ಕಟ್ಟೆಯ ಮೇಲೆ ಬಿದ್ದಿದ್ದ ಒಣ ಎಲೆಯೊಂದನ್ನು ಕೆಳಕ್ಕೆ ತಳ್ಳಿ ಮತ್ತೆ ಹೇಳಿದಳು. "ಇವತ್ತು ಆ ಮಹಡೀಲಿ ಇದನ್ನ ಹೆಂಗೆ ಹೇಳ್ಲಿ? ಗಂಡನಿಗೇ ಗೊತ್ತಿಲ್ಲ ಅಂತ ಜನ ನಗಲ್ವಾ. ಅದಕ್ಕೇ ಬೇಡ ಅಂದಿದ್ದು."

ತಪ್ಪಾಯಿತು ಎಂದರೆ ಬಹಳ ಚಿಕ್ಕದಾಗುತ್ತಿತ್ತು, ಮೂರು ವರ್ಷ ತಡವಾಗಿ ಸಂತೋಷ ಎಂದರೆ ಸುಳ್ಳಿನಂತೆ ಕೇಳಿಸುತ್ತಿತ್ತು, ಅದೂ ಅದೇ ದಿನ ಎರಡನೆಯ ಸುಳ್ಳು. ಪರೀಕ್ಷೆ ಪಾಸಾದವರನ್ನು ಜನ ಏನು ಕೇಳುತ್ತಾರೋ ಅದನ್ನೇ ಕೇಳಿದೆ.

"ಎಷ್ಟು ಮಾರ್ಕ್ಸ್ ಬಂತು?"

ವನಜಾಕ್ಷಿ ನನ್ನ ಕಡೆ ಪೂರ್ತಿ ತಿರುಗಿ ಕೂತಳು. ಸೆರಗು ಸರಿ ಮಾಡಿಕೊಂಡಳು.

"ಕನ್ನಡದಲ್ಲಿ ಎಂಬತ್ತೆರಡು" ಎಂದಳು.

"ಗಣಿತ?"

"ನಲವತ್ತೊಂದು. ಗಣಿತ ಕಷ್ಟ ಆಯ್ತು."

"ವಿಜ್ಞಾನ?"

"ಐವತ್ತಾರು."

ನಾನು ಒಂದೊಂದೇ ವಿಷಯ ಕೇಳುತ್ತಾ ಹೋದೆ. ಅಂಕಪಟ್ಟಿ ಒಳಗೆ ಟ್ರಂಕಿನಲ್ಲಿತ್ತು. ಅವಳು ಅದನ್ನು ತರಲು ಏಳಲಿಲ್ಲ, ಎಲ್ಲವನ್ನೂ ಬಾಯಲ್ಲೇ ಹೇಳಿದಳು.